ಕೊಚ್ಚಿಯಲ್ಲಿ 1,820, ತಿರುವನಂತಪುರದಲ್ಲಿ 11.4: ಯಾವುದನ್ನು ನಂಬಲಿ?

ಪ್ರಶ್ನೆ: ಡಾಕ್ಟ್ರೇ, ನಾವು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವರು. ನಾನು ಕೊಚ್ಚಿಯ ಕಾಕ್ಕನಾಡಿನಲ್ಲಿ ಕೆಲಸದಲ್ಲಿದ್ದೇನೆ. ಅಕ್ಕ ಮತ್ತು ಭಾವ ತಿರುವನಂತಪುರದ ಕಳಕ್ಕೂಟ್ಟದಲ್ಲಿದ್ದಾರೆ. ಅಪ್ಪನಿಗೆ 58 ವರ್ಷ. ಕನ್ನಡ ಮೀಡಿಯಂ ಶಾಲೆಯಲ್ಲಿ ಮಾಷ್ಟ್ರಾಗಿದ್ದು ಎರಡು ವರ್ಷದ ಹಿಂದೆ ನಿವೃತ್ತರಾದರು. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಡಯಾಲಿಸಿಸ್ ಶುರುವಾಗಿ ಒಂದೂವರೆ ವರ್ಷವಾಯಿತು. ಊರಿನಲ್ಲಿ ನೋಡಿಕೊಳ್ಳುವವರಿಲ್ಲದೆ ಎರಡು ತಿಂಗಳು ನನ್ನಲ್ಲಿ, ಎರಡು ತಿಂಗಳು ಅಕ್ಕನಲ್ಲಿ ಇರುತ್ತಾರೆ. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಡಯಾಲಿಸಿಸ್ ಸೂಜಿ ಚುಚ್ಚುವ ಫಿಸ್ಟುಲಾ ಎಡಗೈಯಲ್ಲಿದೆ.

ಮೇ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ, ಡಯಾಲಿಸಿಸ್‌ಗೆ ಮುಂಚೆ, ಇಲ್ಲಿಯ ಆಸ್ಪತ್ರೆಯಲ್ಲಿ ಬಲಗೈಗೂ ಎರಡು ಕಾಲಿನ ಹರಡಿಗೂ ಬಿಪಿ ಪಟ್ಟಿ ಕಟ್ಟಿ ರಕ್ತನಾಳದ ಬಿಗಿತ ನೋಡುವ ಪರೀಕ್ಷೆ ಮಾಡಿದರು. ರಿಪೋರ್ಟಿನಲ್ಲಿ 1,820 ಎಂದು ಬಂತು, ಪಕ್ಕದಲ್ಲಿ ಕೆಂಪು ಗುರುತು. ಆಗ ಬಿಪಿ 168/76 ಇತ್ತು. ಜುಲೈಯಲ್ಲಿ ತಿರುವನಂತಪುರದಲ್ಲಿ, ಶುಕ್ರವಾರ, ಕುತ್ತಿಗೆಗೂ ತೊಡೆಸಂದಿಗೂ ಪೆನ್ನಿನಂಥದ್ದೊಂದನ್ನು ಒತ್ತಿ ಹಿಡಿದು ಅದೇ ಪರೀಕ್ಷೆ ಮಾಡಿದರಂತೆ. ಅಲ್ಲಿ ಬಂದದ್ದು 11.4, ಬಿಪಿ 144/74. ಐಟಿಯಲ್ಲಿರುವ ಭಾವ ಎಲ್ಲಿಂದಲೋ ಒಂದು ಸೂತ್ರ ಹುಡುಕಿ ಎಕ್ಸೆಲ್‌ನಲ್ಲಿ ಹಾಕಿದಾಗ 9.5 ಬಂತು. ಹತ್ತರ ಒಳಗಿದ್ದರೆ ಭಯವಿಲ್ಲವಂತೆ. ತಿರುವನಂತಪುರದಲ್ಲಿ ಅಪ್ಪನ ಆರೋಗ್ಯ ಸುಧಾರಿಸುತ್ತಿದೆ, ಇನ್ನು ಅಲ್ಲೇ ಇರಲಿ, ಶ್ರೀಚಿತ್ರಾದಲ್ಲೂ ಒಮ್ಮೆ ತೋರಿಸೋಣ ಎನ್ನುತ್ತಾಳೆ ಅಕ್ಕ. ನನ್ನ ಮನೆಯಲ್ಲಿ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದೇ ಅದರ ಅರ್ಥವಲ್ಲವೇ?

ಅಕ್ಕ ಫೋನಿನಲ್ಲಿ ‘ರಕ್ತನಾಳ ಕಲ್ಲಾಗಿದೆಯಂತೆ’ ಎಂದದ್ದು ಅಪ್ಪನ ಕಿವಿಗೆ ಬಿದ್ದಿದೆ. ಆಮೇಲಿನಿಂದ ಮಾತು ಕಡಿಮೆ. ಮೊನ್ನೆ ‘ನನ್ನ ಪೆನ್ಶನ್ ಕಾಗದವೆಲ್ಲ ಎಲ್ಲಿದೆ’ ಎಂದು ಕೇಳಿದರು. ಅವರಿಗೆ ಏನೂ ಹೇಳುವುದು ಬೇಡ ಎಂದು ನಾವು ಮೂವರೂ ಮಾತಾಡಿಕೊಂಡಿದ್ದೇವೆ. ಎರಡೂ ಕಡೆಯ ಫೈಲಿನ ಪ್ರತಿ ಜೊತೆಗಿಟ್ಟಿದ್ದೇನೆ. ಯಾವ ಅಂಕೆ ಸರಿ? ಇದಕ್ಕೆ ಔಷಧ ಏನು? ಅಪ್ಪ ಎಲ್ಲಿರಬೇಕು?

(ಹೆಸರು ಬೇಡ, ಕೊಚ್ಚಿ)

ಉತ್ತರ: ನಿಮ್ಮ ಎದೆ ಮೊದಲು ಹಗುರವಾಗಲಿ. 1,820 ನಿಮ್ಮ ಮನೆಯ ಊಟಕ್ಕೆ ಸಿಕ್ಕ ಅಂಕವಲ್ಲ, 11.4 ಅಕ್ಕನ ಆರೈಕೆಗೆ ಸಿಕ್ಕ ಅಂಕವೂ ಅಲ್ಲ. ಎರಡೂ ಆಸ್ಪತ್ರೆಯವರು ಸರಿಯಾಗಿಯೇ ಅಳೆದಿದ್ದಾರೆ. ಆದರೆ ಅವರು ಅಳೆದದ್ದು ಬೇರೆ ಬೇರೆ ದಾರಿಯನ್ನು, ಬೇರೆ ಬೇರೆ ದಿನ, ಬೇರೆ ಬೇರೆ ಬಿಪಿಯಲ್ಲಿ. ಆ ಎರಡು ಅಂಕೆಗಳನ್ನು ಅಕ್ಕಪಕ್ಕ ಇಟ್ಟು ಏರಿತೋ ಇಳಿಯಿತೋ ಎಂದು ನೋಡಲು ಬರುವುದಿಲ್ಲ. ಭಾವನ 9.5 ಅಂತೂ ಅಳತೆಯೇ ಅಲ್ಲ. ಅದರ ವಿಷಯ ಆಮೇಲೆ.

ಪರೀಕ್ಷೆ ಏನನ್ನು ನೋಡುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ಹೃದಯ ಒಮ್ಮೆ ಬಡಿದಾಗ ಮಹಾಧಮನಿ ಸ್ವಲ್ಪ ಹಿಗ್ಗಿ, ಬಂದ ರಕ್ತದಲ್ಲಿ ಒಂದಿಷ್ಟನ್ನು ತನ್ನಲ್ಲಿ ಹಿಡಿದಿಟ್ಟುಕೊಂಡು, ಹೃದಯ ವಿರಮಿಸುವಾಗ ಮುಂದಕ್ಕೆ ತಳ್ಳುತ್ತದೆ. ಆ ಬಡಿತದ ಅಲೆ ನಾಳದ ಗೋಡೆಯಗುಂಟ ಕೆಳಕ್ಕೆ ಓಡುತ್ತದೆ. ಗೋಡೆ ಮೆದುವಾಗಿದ್ದರೆ ಅಲೆ ನಿಧಾನ, ಪೆಡಸಾಗಿದ್ದರೆ ವೇಗ. ಪರೀಕ್ಷೆ ಅಳೆಯುವುದು ಈ ನಾಡಿಯಲೆಯ ವೇಗವನ್ನೇ. ನಿಮ್ಮ ಊರಿನ ಅಡಕೆ ತೋಟದಲ್ಲಿ ಪಂಪು ಚಾಲೂ ಮಾಡಿದಾಗ ರಬ್ಬರ್ ಪೈಪು ಉಬ್ಬಿ ಆ ಹೊಡೆತವನ್ನು ತಾನೇ ನುಂಗಿಕೊಳ್ಳುತ್ತದೆ, ಪಿವಿಸಿ ಪೈಪಾದರೆ ಆಚೆ ತುದಿಯ ಬೆಂಡು ಕೂಡಲೇ ಅದುರುತ್ತದೆ. ಅಪ್ಪನಿಗೆ ವಿವರಿಸುವುದಿದ್ದರೆ ಇಷ್ಟು ಸಾಕು. ಪೆಡಸಾದ ನಾಳದಲ್ಲಿ ಕೆಳಗಿನಿಂದ ತಿರುಗಿ ಬರುವ ಅಲೆಯೂ ಬೇಗ ಬಂದು, ಹೃದಯ ಇನ್ನೂ ರಕ್ತ ದೂಡುತ್ತಿರುವಾಗಲೇ ಅದಕ್ಕೆ ಎದುರಾಗುತ್ತದೆ. ಅದರಿಂದ ಮೇಲಿನ ಬಿಪಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. 168/76 ಎಂದರೆ ನಡುವೆ 92ರ ಅಂತರ. ಆರೋಗ್ಯವಂತರಲ್ಲಿ ಈ ಅಂತರ ಸಾಮಾನ್ಯವಾಗಿ 40ರ ಆಸುಪಾಸು. ಯಂತ್ರವಿಲ್ಲದೆಯೂ ನಿಮ್ಮ ಮನೆಯ ಬಿಪಿ ಮೀಟರು ಇಷ್ಟು ಸೂಚನೆ ಕೊಟ್ಟೇ ಕೊಡುತ್ತದೆ. ಹೃದಯದ ಸ್ವಂತ ರಕ್ತನಾಳಗಳು ತುಂಬಿಕೊಳ್ಳುವುದು ಅದು ವಿರಮಿಸುವಾಗಲೇ ಆದ್ದರಿಂದ ಕೆಳಗಿನ ಬಿಪಿ ತೀರಾ ಇಳಿಯುವುದೂ ಒಳ್ಳೆಯದಲ್ಲ.

ತಿರುವನಂತಪುರದಲ್ಲಿ ಮಾಡಿದ್ದು ಕುತ್ತಿಗೆಯಿಂದ ತೊಡೆಸಂದಿಯವರೆಗಿನ ಅಳತೆ. ಮಹಾಧಮನಿಯ ಬಹುಪಾಲು ಈ ದಾರಿಯಲ್ಲೇ ಬರುವುದರಿಂದ ವೈದ್ಯಲೋಕ ಇದನ್ನೇ ಮೂಲ ಅಳತೆ ಎಂದು ಒಪ್ಪಿದೆ. ಲೆಕ್ಕ ಸರಳ, ದೂರವನ್ನು ಸಮಯದಿಂದ ಭಾಗಿಸುವುದು. ರಿಪೋರ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಟೇಪಿನ ಅಳತೆ 62.5 ಸೆಂ.ಮೀ. ಎಂದಿದೆ, ಸಮಯ 44 ಮಿಲಿಸೆಕೆಂಡ್. ಟೇಪಿನ ದೂರ ಅಲೆ ನಿಜವಾಗಿ ಕ್ರಮಿಸುವ ದೂರಕ್ಕಿಂತ ಹೆಚ್ಚಾಗುತ್ತದೆ ಎಂದು ಅದರ ಶೇ. 80ನ್ನು ಮಾತ್ರ ತೆಗೆದುಕೊಳ್ಳುವುದು 2012ರಿಂದ ಬಂದ ಒಪ್ಪಂದ. 50 ಸೆಂ.ಮೀ.ಯನ್ನು 44 ಮಿಲಿಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 11.4 ಮೀಟರ್. ಆ ಶೇ. 80ರ ನಿಯಮ ಬಿಟ್ಟು ಪೂರ್ತಿ 62.5 ಹಾಕಿದ್ದರೆ ಅದೇ ಅಪ್ಪ, ಅದೇ ಮಂಚ, ಅದೇ ನಿಮಿಷದಲ್ಲಿ 14.2 ಬರುತ್ತಿತ್ತು! ಹೊಟ್ಟೆ ಮುಂದಕ್ಕೆ ಬಂದವರಲ್ಲಿ ಟೇಪು ಹೊಟ್ಟೆಯ ಮೇಲೆ ಹತ್ತಿ ಇಳಿದರೂ ದೂರ ತಪ್ಪುತ್ತದೆ. ‘ಹತ್ತರ ಒಳಗೆ’ ಎಂದು ಭಾವ ಹೇಳಿದ ಗೆರೆಯೂ ಇದೇ ಒಪ್ಪಂದದಲ್ಲಿ ಬಂದದ್ದು. ಅದಕ್ಕೆ ಮುಂಚೆ, 2007ರ ಯುರೋಪಿನ ಮಾರ್ಗಸೂಚಿಯಲ್ಲಿ, ಗೆರೆ 12ರಲ್ಲಿತ್ತು. ನಾಳಗಳು ಬದಲಾಗಲಿಲ್ಲ, ಟೇಪಿನ ಲೆಕ್ಕ ಬದಲಾಯಿತು.

ಕೊಚ್ಚಿಯಲ್ಲಿ ಮಾಡಿದ್ದು ತೋಳಿನಿಂದ ಕಾಲಿನ ಹರಡಿನವರೆಗಿನ ಅಳತೆ. ಜಪಾನಿನಲ್ಲಿ ಇದು ಬಹಳ ಬಳಕೆಯಲ್ಲಿದೆ. ನಮ್ಮಲ್ಲಿಯೂ ಹೈದರಾಬಾದಿನಲ್ಲಿ ತಯಾರಾಗುವ ಪೆರಿಸ್ಕೋಪ್ ಎಂಬ ಯಂತ್ರ ಹಲವು ಆಸ್ಪತ್ರೆಗಳಲ್ಲಿದೆ. ಪಟ್ಟಿ ಕಟ್ಟಿದರೆ ಮುಗಿಯಿತು, ತೊಡೆಸಂದಿ ತಡಕುವ ಮುಜುಗರವಿಲ್ಲ. ಆದರೆ ಈ ದಾರಿಯಲ್ಲಿ ಕಾಲಿನ ನಾಳಗಳೂ ಸೇರುತ್ತವೆ, ದೂರವನ್ನು ಯಂತ್ರ ರೋಗಿಯ ಎತ್ತರದಿಂದ ತಾನೇ ಅಂದಾಜು ಮಾಡುತ್ತದೆ, ಅಂಕೆ ಬರುವುದು ಸೆಂಟಿಮೀಟರಿನಲ್ಲಿ. 1,820 ಎಂದರೆ ಸೆಕೆಂಡಿಗೆ 18.2 ಮೀಟರ್. ಇಲ್ಲಿ 10ರ ಗೆರೆ ನಡೆಯುವುದಿಲ್ಲ, ಜಪಾನಿನವರು ಇಟ್ಟುಕೊಂಡಿರುವ ಗೆರೆ 1,800. ಅಂದರೆ ಕೆಂಪು ಗುರುತು ಬಿದ್ದದ್ದು ಗೆರೆಯನ್ನು ಕೂದಲೆಳೆಯಷ್ಟು ದಾಟಿದ್ದಕ್ಕೆ. ಎಡಗೈಗೆ ಪಟ್ಟಿ ಕಟ್ಟಲಿಲ್ಲ ಎಂಬುದನ್ನು ಗಮನಿಸಿ ಬರೆದಿದ್ದೀರಿ, ಒಳ್ಳೆಯದು. ಫಿಸ್ಟುಲಾ ಇರುವ ಕೈಗೆ ಬಿಪಿ ಪಟ್ಟಿಯೂ ಬೇಡ, ರಕ್ತ ತೆಗೆಯುವ ಸೂಜಿಯೂ ಬೇಡ. ಯಾವ ಊರಿನ ಯಾವ ಲ್ಯಾಬಿನವರು ಕೇಳಿದರೂ ಕೈ ಕೊಡಬೇಡಿ.

ಸಕ್ಕರೆ ಕಾಯಿಲೆಯವರಲ್ಲಿ ಈ ಎರಡನೆಯ ಅಳತೆಗೆ ಇನ್ನೊಂದು ತೊಡಕಿದೆ. ಕಾಲಿನ ನಾಳ ಕಟ್ಟಿಕೊಂಡಿದ್ದರೆ ಅಲೆ ಅಲ್ಲಿ ತಡವರಿಸಿ, ಅಂಕೆ ಸುಳ್ಳೇ ಕಡಿಮೆ ಬರುತ್ತದೆ. ಅದಕ್ಕೇ ಅದೇ ರಿಪೋರ್ಟಿನಲ್ಲಿ ಹರಡಿನ ಬಿಪಿಗೂ ತೋಳಿನ ಬಿಪಿಗೂ ಇರುವ ಅನುಪಾತವನ್ನು ಕೊಟ್ಟಿರುತ್ತಾರೆ. ಅಪ್ಪನದು ಬಲಗಾಲಿನಲ್ಲಿ 1.12, ಎಡಗಾಲಿನಲ್ಲಿ 1.09. ಅದು 0.9ಕ್ಕಿಂತ ಕೆಳಗಿದ್ದರೆ ನಾಳ ಕಟ್ಟಿದೆಯೆಂದು ಸಂಶಯ, 1.4 ದಾಟಿದರೆ ಪಟ್ಟಿ ಒತ್ತಿದರೂ ನಾಳ ಕುಗ್ಗದಷ್ಟು ಸುಣ್ಣ ಕಟ್ಟಿದೆಯೆಂದು ಸಂಶಯ. ಅಪ್ಪನಿಗೆ ಎರಡೂ ಇಲ್ಲ. ಮೂವರೂ ಕೆಂಪು ಗುರುತು ನೋಡಿದಿರಿ, ಈ ಸಾಲನ್ನು ಯಾರೂ ಓದಿದ ಹಾಗಿಲ್ಲ.

ಇನ್ನು ಭಾವನ ಸೂತ್ರ. ಅದು ಬುಡವಿಲ್ಲದ್ದೇನಲ್ಲ. ಯುರೋಪಿನ 8 ದೇಶಗಳ 16,867 ಜನರ ಅಳತೆಗಳನ್ನು ಒಟ್ಟು ಸೇರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಸಮೀಕರಣ ಅದು. ವಯಸ್ಸು ಮತ್ತು ಸರಾಸರಿ ಬಿಪಿ ಎರಡನ್ನು ಕೊಟ್ಟರೆ ನಾಡಿಯಲೆಯ ವೇಗ ಇಷ್ಟಿರಬಹುದು ಎಂದು ಅಂದಾಜು ಹೇಳುತ್ತದೆ. ನಾನೂ ಲೆಕ್ಕ ಹಾಕಿದೆ. 58 ವರ್ಷ, 144/74 ಕೊಟ್ಟರೆ 9.5 ಬರುತ್ತದೆ, ಭಾವ ತಪ್ಪಿಲ್ಲ. ಆದರೆ ಕೊಚ್ಚಿಯ 168/76 ಕೊಟ್ಟರೆ 10.4 ಬರುತ್ತದೆ. ಸೂತ್ರಕ್ಕೆ ಅಪ್ಪನ ಡಯಾಲಿಸಿಸ್ ಗೊತ್ತಿಲ್ಲ, ರಕ್ತದ ರಂಜಕ (ಫಾಸ್ಫರಸ್) ಗೊತ್ತಿಲ್ಲ, ಹದಿನೈದು ವರ್ಷದ ಸಕ್ಕರೆಯೂ ಗೊತ್ತಿಲ್ಲ. ಅದೇ ವಯಸ್ಸಿನ, ಅದೇ ಬಿಪಿಯ, ಕಿಡ್ನಿ ಗಟ್ಟಿಯಾಗಿರುವ ಪಕ್ಕದ ಮನೆಯವರಿಗೂ ಅದು 9.5 ಎಂದೇ ಹೇಳುತ್ತದೆ. ಸಾವಿರಾರು ಜನರನ್ನು ಒಟ್ಟಿಗೆ ನೋಡುವ ಸಂಶೋಧಕರಿಗೆ ಇದು ಉಪಯೋಗದ ವಸ್ತು. ಡಯಾಲಿಸಿಸ್‌ನಲ್ಲಿರುವ ಒಬ್ಬ ತಂದೆಗೆ ಅಭಯಪತ್ರ ಕೊಡಲು ಅಲ್ಲ. ತೋಳಿಗೆ ಒಂದೇ ಪಟ್ಟಿ ಕಟ್ಟಿ ಈ ವೇಗವನ್ನೂ ಹೇಳಿಬಿಡುವ ಕೆಲವು ಯಂತ್ರಗಳಿವೆ. ಅವುಗಳ ಒಳಗೂ ಬಹುಮಟ್ಟಿಗೆ ಕೆಲಸ ಮಾಡುವುದು ವಯಸ್ಸು ಮತ್ತು ಬಿಪಿಯೇ.

ದಿನದ ವಿಷಯಕ್ಕೆ ಬರೋಣ, ಇದು ಮುಖ್ಯ. ಮಂಗಳವಾರ ಬೆಳಿಗ್ಗೆ ಎಂದರೆ ಶನಿವಾರದ ಡಯಾಲಿಸಿಸ್ ಮುಗಿದು ಮೂರನೆಯ ದಿನ, ವಾರದ ಅತಿ ದೊಡ್ಡ ಬಿಡುವು. ಆ ಹೊತ್ತಿಗೆ ಮೈಯಲ್ಲಿ ನೀರು ಅತಿ ಹೆಚ್ಚು. ಅಂದು ಅಪ್ಪನ ತೂಕ 3.4 ಕೆ.ಜಿ. ಏರಿತ್ತು ಎಂದು ಫೈಲಿನಲ್ಲಿದೆ. ನೀರು ತುಂಬಿದಾಗ ಬಿಪಿ ಏರುತ್ತದೆ, ಬಿಪಿ ಏರಿದಾಗ ಅದೇ ನಾಳ ಇನ್ನಷ್ಟು ಬಿಗಿದುಕೊಂಡು ಅಲೆ ವೇಗವಾಗುತ್ತದೆ. ತಿರುವನಂತಪುರದ ಶುಕ್ರವಾರವಾದರೋ ಗುರುವಾರದ ಡಯಾಲಿಸಿಸ್‌ನ ಮರುದಿನ. ಒಂದೇ ಯಂತ್ರ ಬಳಸಿದ್ದರೂ ಈ ಎರಡು ದಿನಗಳ ಅಂಕೆ ಒಂದೇ ಬರುತ್ತಿರಲಿಲ್ಲ.

ಹಾಗಾದರೆ ಪರೀಕ್ಷೆಯೇ ದಂಡವೇ? ಅಲ್ಲ. ಪ್ಯಾರಿಸ್ ಹತ್ತಿರದ ಒಂದು ಡಯಾಲಿಸಿಸ್ ಕೇಂದ್ರದ ಜೆರಾರ್ಡ್ ಲಂಡನ್ ಮತ್ತು ಅವರ ಸಂಗಡಿಗರು 241 ರೋಗಿಗಳನ್ನು ಸರಾಸರಿ ಆರು ವರ್ಷ ಗಮನಿಸಿ 1999ರಲ್ಲಿ ಪ್ರಕಟಿಸಿದರು. ನಾಡಿಯಲೆಯ ವೇಗ 12 ದಾಟಿದವರಲ್ಲಿ ಸಾವಿನ ಸಂಭವ 9.4ಕ್ಕಿಂತ ಕಡಿಮೆ ಇದ್ದವರಿಗಿಂತ ಬಹಳ ಹೆಚ್ಚಾಗಿತ್ತು. ನಿಮ್ಮ ಅಕ್ಕನ ಕಣ್ಣಿಗೆ ಬಿದ್ದಿರುವುದು ಬಹುಶಃ ಇಂಥ ಯಾವುದೋ ವಾಕ್ಯ. ಆದರೆ ಅದೇ ಗುಂಪಿನವರು 2001ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವಿದೆ, ಅದನ್ನು ಓದಿದವರು ಕಡಿಮೆ. 150 ರೋಗಿಗಳಿಗೆ ಮೊದಲು ಡ್ರೈ ವೇಟ್, ಅಂದರೆ ಹೆಚ್ಚಿನ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ, ಸರಿಪಡಿಸಿ, ಅಗತ್ಯ ಬಿದ್ದವರಿಗೆ ಮಾತ್ರೆ ಕೊಟ್ಟು ಬಿಪಿ ಇಳಿಸಿದರು. ಬಿಪಿ ಇಳಿದಂತೆ ನಾಳವೂ ಸಡಿಲಗೊಂಡವರು ಹೆಚ್ಚು ಕಾಲ ಬದುಕಿದರು. ಬಿಪಿ ಇಳಿದರೂ ನಾಳ ಜಗ್ಗದವರಿಗೆ ಅಪಾಯ ಹಾಗೆಯೇ ಉಳಿಯಿತು. ಅಂದರೆ ಇದು ಎಲ್ಲರಲ್ಲೂ ಕಲ್ಲಿನಲ್ಲಿ ಕೊರೆದ ಬರಹವಲ್ಲ. ಒಂದಿಷ್ಟು ಭಾಗ ಕದಲುತ್ತದೆ. ಎಷ್ಟು ಕದಲುತ್ತದೆ ಎಂದು ತಿಳಿಯಲು ಅದೇ ಯಂತ್ರದಲ್ಲಿ, ಅದೇ ಸ್ಥಿತಿಯಲ್ಲಿ ಮತ್ತೊಮ್ಮೆ ಅಳೆಯಬೇಕು. ಪರೀಕ್ಷೆಯ ನಿಜವಾದ ಉಪಯೋಗ ಅದು.

ಆ ಅಧ್ಯಯನದಲ್ಲಿ ಮೊದಲು ಮುಟ್ಟಿದ್ದು ಡ್ರೈ ವೇಟನ್ನು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಎರಡು ಫೈಲುಗಳನ್ನು ಪಕ್ಕಪಕ್ಕ ತೆರೆಯಿರಿ. ಕೊಚ್ಚಿಯ ಚಾರ್ಟಿನಲ್ಲಿ ಅಪ್ಪನ ಡ್ರೈ ವೇಟ್ 57.5, ತಿರುವನಂತಪುರದ ಚಾರ್ಟಿನಲ್ಲಿ 59. ಒಬ್ಬನೇ ಮನುಷ್ಯನಿಗೆ ಎರಡು ಡ್ರೈ ವೇಟ್! ನಡುವಿನ ಒಂದೂವರೆ ಕೆ.ಜಿ. ಮಾಂಸವೋ ನೀರೋ ಯಾರೂ ತೀರ್ಮಾನಿಸಿಲ್ಲ. ಅಕ್ಕನ ಮನೆಯಲ್ಲಿ ಊಟ ಸೇರಿ ನಿಜಕ್ಕೂ ಮೈ ಹತ್ತಿರಬಹುದು. ಇಲ್ಲವೇ 59 ಎಂಬುದು ಎಂದೋ ಬರೆದದ್ದು ಹಾಗೇ ಮುಂದುವರಿದಿರಬಹುದು. 57.5 ಅತಿ ಬಿಗಿಯಾಗಿರಲೂಬಹುದು, ಕೊಚ್ಚಿಯಲ್ಲಿ ಮೂರು ಸಲ ಕಾಲು ಸೆಡೆತ ಬಂದು ಡಯಾಲಿಸಿಸ್ ನಡುವೆ ಬಿಪಿ ಕುಸಿದ ದಾಖಲೆ ಇದೆ. ಪೆಡಸು ನಾಳದವರಿಗೆ ಹಾಗಾಗುವುದು ಸುಲಭ, ನೀರು ಬೇಗ ಬೇಗ ಎಳೆದಾಗ ನಾಳ ಕುಗ್ಗಿ ಹೊಂದಿಕೊಳ್ಳುವುದಿಲ್ಲ. ನೀರು ತೆಗೆಯುವ ವೇಗ ಒಂದು ಕೆ.ಜಿ. ತೂಕಕ್ಕೆ ಗಂಟೆಗೆ 13 ಮಿಲಿಲೀಟರ್ ದಾಟದಿರಲಿ ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. 57.5 ಕೆ.ಜಿ.ಯವರಿಗೆ ನಾಲ್ಕು ಗಂಟೆಯಲ್ಲಿ ಅದು ಹೆಚ್ಚುಕಡಿಮೆ 3 ಲೀಟರ್. ಅಪ್ಪ ಮಂಗಳವಾರ ತಂದದ್ದು 3.4. ಉಳಿದದ್ದನ್ನು ಎಳೆದಾಗ ಸೆಡೆತ, ಎಳೆಯದೆ ಬಿಟ್ಟಾಗ ಬಿಪಿ. ನನ್ನನ್ನು ಕೇಳಿದರೆ ನಿಮ್ಮ ಮನೆಯ ಸಮಸ್ಯೆ 1,820 ಅಲ್ಲ, 11.4 ಕೂಡ ಅಲ್ಲ, ಈ ಒಂದೂವರೆ ಕೆ.ಜಿ.

ಇದನ್ನು ಬಗೆಹರಿಸಲು ಎರಡೂ ಊರಿನ ಕಿಡ್ನಿ ತಜ್ಞರ (ನೆಫ್ರಾಲಜಿಸ್ಟರ) ಪೈಕಿ ಒಬ್ಬರನ್ನು ಮುಖ್ಯ ವೈದ್ಯರೆಂದು ಇಟ್ಟುಕೊಳ್ಳಿ. ಅಪ್ಪ ಯಾವ ಊರಲ್ಲಿದ್ದರೂ ಡ್ರೈ ವೇಟ್ ಬದಲಿಸುವುದಿದ್ದರೆ ಅವರಿಗೆ ಒಂದು ಫೋನು ಹೋಗಲಿ. ಅವರು ಬೇಕೆಂದರೆ ಎದೆಯ ಎಕ್ಸ್-ರೇ, ಎಕೋ, ಮೈಯ ನೀರಿನ ಪ್ರಮಾಣ ಹೇಳುವ ಬಯೋಇಂಪೀಡೆನ್ಸ್ ಪರೀಕ್ಷೆ ಮಾಡಿಸಿ, ಕೆಲವು ವಾರ ಸ್ವಲ್ಪ ಸ್ವಲ್ಪವೇ ಇಳಿಸಿ ನೋಡುತ್ತಾರೆ. ಮಂಗಳವಾರ ಮಾತ್ರ ಅರ್ಧ ಗಂಟೆ ಹೆಚ್ಚು ಕೂರಿಸಲು ಆಗುತ್ತದೆಯೇ ಎಂದೂ ಕೇಳಿ, ಶಿಫ್ಟು ಭರ್ತಿ ಇರುವ ಕೇಂದ್ರಗಳಲ್ಲಿ ಅದು ಕಷ್ಟ, ಆದರೂ ಕೇಳಿ. ಊರು ಬದಲಿಸುವಾಗ ಹೋಗುವ ಫೈಲಿನಲ್ಲಿ ಡ್ರೈ ವೇಟ್, ಹೆಪಾರಿನ್ ಪ್ರಮಾಣ, ಕೊನೆಯ ಮೂರು ಡಯಾಲಿಸಿಸ್‌ಗಳ ಚಾರ್ಟು, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಿಪೋರ್ಟು ಇರಲೇಬೇಕು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಫೈಲು ಸಿದ್ಧವಿದ್ದವರಿಗೆ ಬೇರೆ ಕಡೆ ಸೇರುವುದು ಅಷ್ಟರಮಟ್ಟಿಗೆ ಸುಲಭ.

ಔಷಧ ಕೇಳಿದ್ದೀರಿ. ನಾಳದ ಪೆಡಸುತನವನ್ನೇ ಗುರಿಯಿಟ್ಟು ಕರಗಿಸುವ ಮಾತ್ರೆ ಇಂದಿಗೂ ಇಲ್ಲ. ವಿಟಮಿನ್ ಕೆ2 ಕೊಟ್ಟರೆ ಸುಣ್ಣ ಕರಗುತ್ತದೆ ಎಂದು ವಾಟ್ಸಾಪಿನಲ್ಲಿ ಓಡಾಡುವ ಮಾತನ್ನು ಭಾವ ನಿಮಗೂ ಕಳಿಸಿರಬಹುದು. ಡಯಾಲಿಸಿಸ್ ರೋಗಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಅದರಿಂದ ಸ್ಪಷ್ಟ ಪ್ರಯೋಜನ ಕಂಡಿಲ್ಲ. ಮಾಡಬೇಕಾದ ಕೆಲಸ ಇರುವುದು ಅಡುಗೆಮನೆಯಲ್ಲಿ ಮತ್ತು ಮಾತ್ರೆ ಡಬ್ಬಿಯಲ್ಲಿ.

ಮಾತ್ರೆ ಡಬ್ಬಿ ಮೊದಲು. ಕಿಡ್ನಿ ಕೆಟ್ಟಾಗ ರಂಜಕ ಹೊರಹೋಗದೆ ಉಳಿಯುತ್ತದೆ, ಅದು ಮತ್ತು ಕ್ಯಾಲ್ಸಿಯಂ ಸೇರಿ ನಾಳದ ಗೋಡೆಯ ನಡುಪದರದಲ್ಲಿ ಸುಣ್ಣ ಕೂರುತ್ತದೆ. ಅಪ್ಪನ ರಂಜಕ 6.8. ಡಯಾಲಿಸಿಸ್‌ನವರಲ್ಲಿ ಸಾಮಾನ್ಯವಾಗಿ 5.5ರ ಒಳಗೆ ಇರಲಿ ಎನ್ನುತ್ತೇವೆ. ಸೆವೆಲಮರ್ ಮಾತ್ರೆ ಬರೆದುಕೊಟ್ಟಿದ್ದಾರೆ, ಆದರೆ ಹೊಟ್ಟೆ ಉಬ್ಬರಿಸುತ್ತದೆಂದು ಅಪ್ಪ ಮಲಗುವಾಗ ಒಟ್ಟಿಗೆ ನುಂಗುತ್ತಾರೆ ಎಂದು ನೀವೇ ಹಾಳೆಯ ಅಂಚಿನಲ್ಲಿ ಬರೆದಿದ್ದೀರಿ. ಆ ಮಾತ್ರೆ ರಕ್ತಕ್ಕೆ ಸೇರುವುದೇ ಇಲ್ಲ. ತಿಂದ ಅನ್ನದ ಜೊತೆ ಕರುಳಲ್ಲೇ ಇದ್ದು ರಂಜಕವನ್ನು ಹಿಡಿದುಕೊಳ್ಳುತ್ತದೆ. ಬರಿ ಹೊಟ್ಟೆಯಲ್ಲಿ ನುಂಗಿದರೆ ಹಿಡಿಯಲು ಅಲ್ಲಿ ಏನಿದೆ? ಊಟದ ನಡುವೆ, ತುತ್ತಿನ ಜೊತೆ ಕೊಡಿ. ಹೊಟ್ಟೆ ಉಬ್ಬರ ಆಮೇಲೂ ನಿಲ್ಲದಿದ್ದರೆ ಡಾಕ್ಟರಿಗೆ ಹೇಳಿ ಬದಲಿಸಿಕೊಳ್ಳಿ. ಮೂಳೆಗೆ ಒಳ್ಳೆಯದೆಂದು ಮೆಡಿಕಲ್ ಶಾಪಿನಿಂದ ತಂದ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆಯ ಚೀಟಿಯೂ ಫೈಲಿನಲ್ಲಿದೆ. ಅದನ್ನು ಯಾರು ಬರೆದದ್ದು? ಯಾರೂ ಬರೆಯದಿದ್ದರೆ ನಾಳೆಯೇ ನೆಫ್ರಾಲಜಿಸ್ಟರಿಗೆ ತೋರಿಸಿ. ನಾಳದಲ್ಲಿ ಸುಣ್ಣ ಕೂರುವ ಭಯ ಇರುವವರಿಗೆ ಮನಸ್ಸಿಗೆ ಬಂದಷ್ಟು ಕ್ಯಾಲ್ಸಿಯಂ ನುಂಗಿಸುವುದು ನನಗೆ ಸರಿ ಕಾಣುವುದಿಲ್ಲ.

ಈಗ ಉಪ್ಪು. 8 ಗ್ರಾಂ ಉಪ್ಪು ಮೈ ಸೇರಿದರೆ ಸುಮಾರು ಒಂದು ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟು ಕುಡಿಯುವವರೆಗೆ ಬಾಯಾರಿಕೆ ಬಿಡುವುದಿಲ್ಲ. ಕೊಚ್ಚಿಯ ಸೆಖೆಯಲ್ಲಿ ಕೂತು ‘ನೀರು ಕುಡಿಯಬೇಡಿ ಅಪ್ಪಾ’ ಎಂದು ಗದರುವುದು ಕ್ರೌರ್ಯ, ಉಪ್ಪು ಕಡಿಮೆ ಮಾಡಿ ಬಾಯಾರಿಕೆಯನ್ನೇ ಇಳಿಸುವುದು ಬುದ್ಧಿ. ದಿನಕ್ಕೆ ಒಟ್ಟು 5 ಗ್ರಾಂ ಎಂದರೆ ಒಂದು ಟೀ ಚಮಚ. ಊರಿನಿಂದ ಭರಣಿಯಲ್ಲಿ ಬರುವ ಮಿಡಿ ಉಪ್ಪಿನಕಾಯಿ, ಮಳೆಗಾಲದ ಉಪ್ಪುಸೊಳೆ, ಹಲಸಿನ ಹಪ್ಪಳ, ಇತ್ತ ಎರ್ನಾಕುಲಂ ಬೇಕರಿಯ ಬಾಳೆಕಾಯಿ ಚಿಪ್ಸು, ಇವು ಬಂದ ದಿನ ಆ ಚಮಚದ ಲೆಕ್ಕ ಮುಗಿಯಿತು. ಉಪ್ಪುಸೊಳೆಯನ್ನು ಎಷ್ಟು ನೀರಿನಲ್ಲಿ ತೊಳೆದರೂ ಉಪ್ಪು ಪೂರ್ತಿ ಬಿಡುವುದಿಲ್ಲ. ಕೇರಳದಲ್ಲಿ ಕಿಡ್ನಿಯವರಿಗೆ ಇಂದುಪ್ಪು ಒಳ್ಳೆಯದೆಂಬ ನಂಬಿಕೆ ಗಟ್ಟಿಯಾಗಿದೆ, ನಮ್ಮ ಕಡೆ ಸೈಂಧವ ಲವಣ ಎನ್ನುತ್ತೇವಲ್ಲ, ಅದೇ. ಅದೂ ಸೋಡಿಯಂ ಉಪ್ಪೇ. ಅದಕ್ಕಿಂತ ಅಪಾಯದ್ದು ಅಂಗಡಿಯಲ್ಲಿ ‘ಲೋ ಸೋಡಿಯಂ’ ಎಂದು ಮಾರುವ ಉಪ್ಪು. ಸೋಡಿಯಂ ತೆಗೆದ ಜಾಗಕ್ಕೆ ಅದರಲ್ಲಿ ಪೊಟ್ಯಾಸಿಯಂ ಹಾಕಿರುತ್ತಾರೆ. ಡಯಾಲಿಸಿಸ್ ರೋಗಿಯಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯ ಬಡಿತವೇ ನಿಲ್ಲಬಹುದು. ಎಳನೀರು ಕೂಡ ಇದೇ ಕಾರಣಕ್ಕೆ ಬೇಡ, ಅದು ತೆಂಗಿನ ನಾಡಿನಲ್ಲಿ ಎಷ್ಟೇ ಕಷ್ಟದ ಮಾತಾದರೂ.

ಶ್ರೀಚಿತ್ರಾ ವಿಷಯ. ಅದು ದೊಡ್ಡ ಸಂಸ್ಥೆ, ಭಾರತದಲ್ಲೇ ತಯಾರಾದ ಚಿತ್ರಾ ಕವಾಟವನ್ನು 1990ರಲ್ಲಿ ಮೊದಲು ಅಳವಡಿಸಿದ್ದು ಅಲ್ಲಿ. ಆದರೆ ಅದು ಹೃದಯ ಮತ್ತು ನರರೋಗಗಳ ಆಸ್ಪತ್ರೆ. ಎಕೋದಲ್ಲಿ ಕವಾಟಕ್ಕೆ ಸುಣ್ಣ ಕಟ್ಟಿ ಕಿರಿದಾಗಿದೆ ಎಂದು ಕಂಡರೆ, ವೈದ್ಯರೇ ಪತ್ರ ಕೊಟ್ಟರೆ ಹೋಗಿ. 11.4 ಹಿಡಿದುಕೊಂಡು ಹೋಗಬೇಡಿ. ಸುಣ್ಣ ಎಷ್ಟಿದೆ ಎಂದು ತಿಳಿಯಲು ಹೊಟ್ಟೆಯ ಪಕ್ಕದಿಂದ ತೆಗೆದ ಸಾದಾ ಎಕ್ಸ್-ರೇ ಸಾಕಾಗುತ್ತದೆ, ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿಯೂ ಅದನ್ನು ಒಪ್ಪಿದೆ.

ನೀವು ಕೇಳದ ಒಂದು ಪ್ರಶ್ನೆಗೂ ಉತ್ತರ ಬರೆಯುತ್ತೇನೆ. 58 ವರ್ಷದ, ನಡೆದಾಡುವ ಮನುಷ್ಯನಿಗೆ ಕಿಡ್ನಿ ಕಸಿಯ ಮಾತು ಫೈಲಿನಲ್ಲಿ ಎಲ್ಲೂ ಇಲ್ಲ. ಯಾಕೆ? ಕಸಿಯಾದ ಮೇಲೆ ಹಲವರಲ್ಲಿ ನಾಳದ ಬಿಗಿತವೂ ಇಳಿಯುತ್ತದೆ. ಕೇರಳದಲ್ಲಿ ಮೃತದಾನಿಗಳ ಅಂಗ ಹಂಚಿಕೆಗೆ ಮೃತಸಂಜೀವನಿ ಯೋಜನೆ 2012ರಿಂದ ಇದೆ. ಎರ್ನಾಕುಲಂನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ 2023ರ ನವೆಂಬರಿನಲ್ಲಿ ಕಿಡ್ನಿ ಕಸಿಯೇ ನಡೆದಿದೆ, ದೇಶದ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಅದು ಮೊದಲು. ಹೃದಯ ತಡೆದುಕೊಳ್ಳುತ್ತದೆಯೇ, ಹೊಸ ಕಿಡ್ನಿಯನ್ನು ಜೋಡಿಸುವ ಕಿಬ್ಬೊಟ್ಟೆಯ ನಾಳದಲ್ಲಿ ಸುಣ್ಣ ಎಷ್ಟಿದೆ ಎಂದು ಸಿ.ಟಿ. ಮಾಡಿ ನೋಡುತ್ತಾರೆ. ಹೊಲಿಗೆ ಹಾಕಲು ಮೆದುವಾದ ಒಂದಿಷ್ಟು ಜಾಗ ಬೇಕು. ಈಗಲೇ ಮೂರನೆಯ ಸಲ ನಾಡಿಯಲೆ ಅಳೆಯುವ ಬದಲು ಈ ಪ್ರಶ್ನೆ ಕೇಳಿ. ಆಗುವುದಿಲ್ಲ ಎಂಬ ಉತ್ತರ ಬರಬಹುದು. ಆದರೆ ಕೇಳದೆ ಬಿಡುವ ವಯಸ್ಸಲ್ಲ ಅದು.

ಇನ್ನು ಅಪ್ಪನಿಗೆ ಹೇಳುವುದು ಬೇಡ ಎಂಬ ನಿಮ್ಮ ಒಪ್ಪಂದ. ಇದನ್ನು ನಾನು ಒಪ್ಪುವುದಿಲ್ಲ. ಅವರಿಗೆ ಆಗಲೇ ಗೊತ್ತಾಗಿದೆ, ಅದೂ ಅತ್ಯಂತ ಕೆಟ್ಟ ಮಾತಿನಲ್ಲಿ, ಗೋಡೆಯಾಚೆಯಿಂದ. ‘ಕಲ್ಲಾಗಿದೆ’ ಎಂದು ಕೇಳಿಸಿಕೊಂಡ ಮನುಷ್ಯ ಪೆನ್ಶನ್ ಕಾಗದ ಹುಡುಕದೆ ಇನ್ನೇನು ಮಾಡಿಯಾನು? ಮೂವತ್ತು ವರ್ಷ ಹತ್ತಿರ ಮಕ್ಕಳಿಗೆ ಪಾಠ ಹೇಳಿದವರು. ರಿಪೋರ್ಟನ್ನು ಅವರ ಕೈಗೆ ಕೊಟ್ಟು, 50 ಸೆಂ.ಮೀ., 44 ಮಿಲಿಸೆಕೆಂಡಿನ ಲೆಕ್ಕವನ್ನು ಅವರಿಂದಲೇ ಮಾಡಿಸಿ. ನಾಳ ಸ್ವಲ್ಪ ಪೆಡಸಾಗಿದೆ, ಡಯಾಲಿಸಿಸ್‌ನ ಬಹಳ ಜನರಿಗೆ ಹೀಗೆಯೇ ಇರುತ್ತದೆ, ಉಪ್ಪು, ನೀರು, ಮಾತ್ರೆ ಹಿಡಿತದಲ್ಲಿದ್ದರೆ ಮುಂದೆ ಹೋಗುವುದನ್ನು ನಿಧಾನ ಮಾಡಬಹುದು ಎಂದು ನೇರವಾಗಿ ಹೇಳಿ. ಎಷ್ಟು ದಿನ ಎಂದು ಕೇಳಿದರೆ ಆ ಉತ್ತರ ಯಾವ ಯಂತ್ರದಲ್ಲೂ ಇಲ್ಲವೆನ್ನಿ, ಅದು ನಿಜ. ತೂಕ, ಬಿಪಿ, ಡ್ರೈ ವೇಟ್ ಬರೆಯುವ ಪುಸ್ತಕವನ್ನು ಅವರೇ ಇಟ್ಟುಕೊಳ್ಳಲಿ. ಹಾಜರಿ ಪುಸ್ತಕ ಇಟ್ಟು ಅಭ್ಯಾಸವಿರುವವರ ಕೈಯಲ್ಲಿ ಅದು ನಿಮ್ಮ ಎಕ್ಸೆಲ್‌ಗಿಂತ ಚೆನ್ನಾಗಿರುತ್ತದೆ.

ಅಪ್ಪ ಎಲ್ಲಿರಬೇಕೆಂಬುದನ್ನೂ ಅವರನ್ನೇ ಕೇಳಿ, ಅಂಕೆಗಳನ್ನು ಕೇಳಬೇಡಿ. ಎರಡು ಮನೆ ಬೇಕೆಂದರೆ ಎರಡು ಮನೆ ಇರಲಿ, ಡ್ರೈ ವೇಟ್ ಮಾತ್ರ ಒಂದೇ ಇರಲಿ. ಈ ಪತ್ರವನ್ನು ಅಕ್ಕನಿಗೂ ಓದಿಸಿ.

ಮುಂದಿನ ಅಳತೆ ಆರು ತಿಂಗಳಿಗೆ ಮುಂಚೆ ಬೇಡ. ಕುತ್ತಿಗೆ-ತೊಡೆಸಂದಿಯ ಅದೇ ಯಂತ್ರದಲ್ಲಿ, ಗುರುವಾರದ ಡಯಾಲಿಸಿಸ್‌ನ ಮರುದಿನ, ಕಾಫಿ ಕುಡಿದು ಮೂರು ಗಂಟೆಯಾದ ಮೇಲೆ, ಹತ್ತು ನಿಮಿಷ ಅಂಗಾತ ಮಲಗಿದ ಮೇಲೆ ಮಾಡಿಸಿ. ಎರಡು ಸಲ ಅಳೆಯಲು ಹೇಳಿ, ಎರಡರ ನಡುವೆ ಅರ್ಧ ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯದು. ಟೇಪಿನ ದೂರವನ್ನೂ ಅಂದಿನ ಬಿಪಿಯನ್ನೂ ಕೇಳಿ ಬರೆದುಕೊಳ್ಳಿ. ಅಷ್ಟರೊಳಗೆ ಎದೆನೋವು, ಮಲಗಿದರೆ ಏದುಸಿರು, ಒಂದು ಕಡೆಯ ಕೈಕಾಲು ಸೋಲುವುದು, ಫಿಸ್ಟುಲಾದ ಮಿಡಿತ ನಿಲ್ಲುವುದು, ಇವುಗಳಲ್ಲಿ ಯಾವುದು ಕಂಡರೂ ಅಂಕಣಕ್ಕೆ ಬರೆಯುತ್ತಾ ಕೂರಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ.